ಇಪ್ಪತ್ತು ಫೂಟಿನ ಅಂಗಡಿ

ಅಂಗಡಿ ಇರೂದು ಹತ್ತ ಫೂಟ.
ಎದುರಿಗೊಂದು ಕನ್ನಡಿ ಹಚ್ಚಿ ಇಪ್ಪತ್ತ ಮಾಡೇನಿ.
ಅಕ್ಷರದ ಪೆಟಗಿ ಕುಂತವರ ತಲಿ ಮ್ಯಾಲೆ, ಬೆನ್ನ ಹಿಂದ,
ಉಲ್ಟಾ ಬರದದ್ದು;
ಕನ್ನಡ್ಯಾಗ ಸರಳ ಆಗತೈತಿ.
ಖಡೇಬಜಾರದ ಗದ್ದಲಾ ಬಾಗಲದಾಗ ಬಿಟ್ಟು
ಒಂದ ಕಣ್ಣ ಮುಚಗೊಂಡ ಕುಂದರತಾರ ಮಂದಿ.
ಓದ್ರಿ, ಅಂತೀನಿ.
ಅವರು ನೋಡತಾರ.
ನಾ ಕೇಳತೀನಿ.

ಯಫ್ ಅಂದ್ರ ಬೈಲಹೊಂಗಲದ ಪ್ಯಾಟಿಯವರು.
ಯಪ್ಪ ಅಂದ್ರ ಇನ್ನೂ ಒಳಗ,
ದಿನಕ್ಕೊಂದ ಬಸ್ಸ ಹೋಗಿ ತಿರಗೂ ಊರು.
ಯಪ್ಪ ಮನ್ಯಾಗ ಅದಾನು, ಇಲ್ಲೆ ಯಾಕ ಕರೀತೀರಿ ಅಂದ್ರ
ಮುಚ್ಚಿದ ಕಣ್ಣಿನ ಕೈ ತಗದು ನಗತಾರ,
ಮತ್ತ ಮೊದಲಿಂದ ಓದಸಬೇಕು.
ಜಡ್ಡ ಅಂತಾರ ಹುಕ್ಕೇರಿ ಕಡಿಯವರು.
ಜಡ್ಡ ಏನೂ ಇಲ್ಲರಿ ಸಾವಕಾರ್ರ, ಬರೇ ನಂಬರ ಬಂದೈತಿ.
ಝಡ್ಡಿನಾಗ ದುಂಬಿ ಹಾರಿತಂದ್ರ ಶಹಾಪುರದ ಮರಾಠಿ ಮನಿ.
ಇಸಡ್ ಅನ್ನಾಕಿ ಏಲಿಯಾಮ್ಮ ಸಿಸ್ಟರ್ ಒಬ್ಬಾಕಿನ;
ಹದಿನೆಂಟ ವರ್ಷ ಆತು ನಮ್ಮೂರಿಗೆ ಸೂಜಿ ಚುಚ್ಚಾಕ ಹತ್ತಿ,
ಬೈಗಳಾ ಸೈತ ಈ ಕಡಿವು ಕಲತಾಳ,
ಇಸಡ್ ಮಾತ್ರ ಕೋಟ್ಟಯಂದಿಂದ ಟ್ರಂಕಿನ್ಯಾಗ ತಂದದ್ದು.
ಎಚ್ ಅಂದ್ರೂ ಹೌದು, ಹೆಚ್ಚ ಅಂದ್ರೂ ಹೌದು.
ಹೆಚ್ಚ ಕಡಿಮಿ ನಾ ಹಿಡಿಯೂದಿಲ್ಲ.

ಮೊದಲ ಹಿಡೀತಿದ್ದೆ.

ಹೊಸದಾಗಿ ಕುಂತಾಗ ಕ್ಯಾಂಪಿನಿಂದ ಒಬ್ಬಾಂವ ಬಂದ.
ನಟಬರ, ಮಿಲಿಟರಿ ಅಡಗಿಯಾಂವ, ಬಾಲಾಸೋರ ಕಡಿಯಾಂವ.
ವ್ಹಿ ಇದ್ದಲ್ಲಿ ಬೀ ಅಂದ.
ತಪ್ಪ.
ಮುಂದಿನ ಸಾಲಿನ್ಯಾಗೂ ಬೀ. ತಪ್ಪ.
ಕಾಚ ಬದಲಿಸಿ ಅರ್ಧ ನಂಬರ ಏರಿಸಿದೆ,
ಆಗೂ ಬೀ.
ಮತ್ತರ್ಧ.
ಹದಿನೈದ ದಿನಕ್ಕ ತಲಿ ಹಿಡಕೊಂಡ ತಿರಗಿ ಬಂದ:
ದಾಲ್ ಒಂದ ಕಡೆ ಕುದೀತೈತಿ,
ಸೌಟ ಇನ್ನೊಂದ ಕಡೆ ಮುಳಗತೈತಿ ಅಂತ.
ಅಂಗೈ ಮ್ಯಾಲೆ ಬೆರಳಲೆ ಬರದ ತೋರಸಿದ,
ಎರಡ ಗೆರಿ ಮ್ಯಾಲಿಂದ ಇಳದು ತಳಕ್ಕ ಕೂಡಿದ್ದು.
ಇದು, ಸಾಬ. ಬೀ.

ಕಣ್ಣ ಛಲೋನ ಇದ್ದೂ.
ನಾಲಿಗಿಗೆ ಚಸ್ಮಾ ಹಾಕಿ ಕಳಿಸಿದ್ದೆ ನಾನು.

ವಡಗಾವಿ ಗುರಸಂಗವ್ವ ಬಂದದ್ದು
ಅದಾಗಿ ಎಷ್ಟೋ ಮಳಿಗಾಲ ಹೋದ ಮ್ಯಾಲೆ.
ಸೀರಿ ನೇದ ನೇದ ಬೆನ್ನ ಬಾಗಿತ್ತು.
ನನಗ ಇಂಗ್ಲೀಷ ಬರೂದಿಲ್ಲೋ ತಮ್ಮಾ.
ಕಂಡದ್ದ ಹೇಳ ಯವ್ವಾ.
ಹಣಿಗಿ, ಅಂದ್ಲು. ಮೂರ ಹಲ್ಲ ಉಳದಾವು.
ತೊಲಿ, ಅದರ ಕೆಳಗ ಕಂಬ.
ಬಳಿ.
ಲಾಳಿ ಹೋತು, ಬಂತು, ಮತ್ತ ಹೋತು.
ಹಿಂಗ ಇಳದ ಇಳದ ಕಡೀ ಸಾಲ ಮುಟ್ಟಿದ್ಲು,
ಕಾಲೇಜ ಹುಡುಗೂರು ಅಂದಾಜಿಲೆ ಹೊಡಿಯೂ ಸಾಲದು.
ಒಂದೂ ಬಿಡಲಿಲ್ಲ.
ದೂರದ್ದೆಲ್ಲಾ ಛಲೋ ಐತೆಲ್ಲ, ತ್ರಾಸ ಏನವ್ವಾ?
ಕೈಯಾಗಿನ ಎಳಿ ಕಾಣವಲ್ದು.

ನಂಗೀಗ ಅರವತ್ತೊಂದು.
ಮೊನ್ನೆ ಸಂಜೀಕ, ಕೆಲಸಾ ಕಲ್ಯಾಕ ಬಂದ ಹುಡುಗ ಇಮ್ತಿಯಾಜ
ಕುಂದರ್ರಿ ಕಾಕಾ, ನಿಮ್ಮವ ಒಂದೀಟ ನೋಡೂನು ಅಂದ.
ಎಡಗಣ್ಣ ಮುಚ್ಚಿದೆ.
ಕನ್ನಡ್ಯಾಗ ಬರೇ ಬೂದಿ ಬಣ್ಣ,
ಜ್ವಾಳದ ಹಿಟ್ಟ ಜರಡಿ ಹಿಡದಂಗ.
ಎದಿ ಧಸಕ್ಕಂತು, ತೋರಸಲಿಲ್ಲ.
ಬಾಯಿ ತನ್ನಷ್ಟಕ್ಕ ಹೊಂಟಿತು:
ಹಣಿಗಿ, ಯಪ್ಪ, ಹೆಚ್ಚ,
ಬಳಿ, ಇಸಡ್, ಬೀ,
ಒಂದೊಂದಕ್ಕ ಒಬ್ಬೊಬ್ಬರ ದನಿ,
ಕೆಮ್ಮು ಸೈತ ಅವರದ.
ಕಡೀ ಸಾಲ ಮುಗಿಸಿ ಕೈ ತಗದೆ.
ಇಮ್ತಿಯಾಜ ಕಾರ್ಡ ಮ್ಯಾಲೆ ಏನೂ ಬರದಿರಲಿಲ್ಲ.

ಕಾಕಾ, ಅಂದ ಸಣ್ಣಗ,
ಪೆಟಗಿ ಲೈಟ ನಾ ಇನ್ನೂ ಹಚ್ಚೇ ಇಲ್ಲ.